ಬೊರಿವಲಿಯ ಐಸಿನ ಮೇಲೆ ಹನ್ನೊಂದು ಮಕ್ಕಳು

ನಮ್ಮ ಮನೆಯ ಫ್ರಿಜ್ಜಿಗೆ ಒಂದು ಕಾಲು ಗಿಡ್ಡ. ಮೋಟಾರು ಶುರುವಾದಾಗಲೆಲ್ಲ ಅದು ಚಳಿಜ್ವರ ಬಂದವರಂತೆ ನಡುಗುತ್ತ ಗೋಡೆಗೆ ಬಡಿಯುತ್ತಿತ್ತು. ಇವರ ಮನೆಯಲ್ಲಿ ಹೊತ್ತುಗೊತ್ತಿಲ್ಲದೆ ಏನು ಕುಟ್ಟುತ್ತಾರೆ ಎಂದು ಗೋಡೆಯಾಚೆಯ ಶಿಂದೆಬಾಯಿ ತಿಂಗಳುಗಟ್ಟಲೆ ಮನಸ್ಸಿನಲ್ಲೇ ಇಟ್ಟುಕೊಂಡಿದ್ದು ಕೊನೆಗೊಮ್ಮೆ ಕೇಳಿಯೇಬಿಟ್ಟರು. ಆವತ್ತು ನಾನು ಅಟ್ಟದ ಮೇಲಿನ ಸಾಮಾನೆಲ್ಲ ಕೆದಕಿ, ಒಂದು ಕಪ್ಪು ರಬ್ಬರಿನ ಬಿಲ್ಲೆ ಹುಡುಕಿ ಆ ಗಿಡ್ಡ ಕಾಲಿನ ಕೆಳಗೆ ತುರುಕಿದೆ. ಈಗ ಫ್ರಿಜ್ಜು ಇನ್ನೊಂದು ಮಗ್ಗುಲಿಗೆ ವಾಲಿದೆ. ಹಾಲಿನ ಪಾತ್ರೆ ಒಂದೇ ಕಡೆ ತುಂಬಿದಂತೆ ಕಾಣುತ್ತದೆ. ಆದರೆ ಸದ್ದಿಲ್ಲ. ಈ ಊರಿನಲ್ಲಿ ಸದ್ದಿಲ್ಲದಿರುವುದೂ ದೇವರು ಕೊಟ್ಟದ್ದೇ.

ಕಳೆದ ತಿಂಗಳು ನನ್ನ ಮಗಳು ಅನಘಾ ಬಿದ್ದ ಕಿವಿಯೋಲೆ ಹುಡುಕುತ್ತ ಫ್ರಿಜ್ಜಿನ ಮುಂದೆ ಬೋರಲಾಗಿ ಮಲಗಿ, ಮೊಬೈಲಿನ ಬೆಳಕು ಬಿಟ್ಟು ನೋಡಿದವಳು ಅಲ್ಲಿಂದಲೇ ಕೂಗಿದಳು.

"ಅಮ್ಮಾ! ಪಕ್ ಇಲ್ಲಿ ಇಟ್ಟೀಯಾ? ಸೀರಿಯಸ್ಲಿ? ಇದು ನಮ್ಮ ಟೀಮಿಂದು! ಹಿಸ್ಟ್ರಿ ಅದ ಇದು!"

"ಹಿಸ್ಟ್ರಿ ಆದ್ರ ಸುಮ್ನ ಕೂಡಬೇಕೇನು? ಫ್ರಿಜ್ ಹಿಡಕೊಂಡು ನಿಂತದ, ಇರ್ಲಿ ಬಿಡು."

ಪಕ್ ಎಂದರೆ ಐಸ್ ಹಾಕಿಯಲ್ಲಿ ಚೆಂಡಿನ ಬದಲು ಇರುವ ರಬ್ಬರಿನ ಬಿಲ್ಲೆ. ಜೋಗೇಶ್ವರಿಯಲ್ಲಿ ಇಪ್ಪತ್ತೈದು ವರ್ಷದಿಂದ ರೊಟ್ಟಿ ಬಡಿಯುತ್ತಿರುವ ಧಾರವಾಡದ ಹೆಂಗಸಿಗೆ ಇದೆಲ್ಲ ಹೇಗೆ ಗೊತ್ತು ಎಂದು ನೀವು ಕೇಳಬಹುದು. ಗೊತ್ತಾಗದೆ ಇದ್ದಿದ್ದರೆ ಚೆನ್ನಾಗಿತ್ತು ಎಂದು ನನಗೂ ಎಷ್ಟೋ ಸಲ ಅನ್ನಿಸಿದೆ.

ಅನಘಾಳ ಹಳೆಯ ತಂಡದ ಹನ್ನೊಂದು ಮಕ್ಕಳು ಈಗ ಬೆಳೆದು ಒಂದೊಂದು ಕಡೆ ಆಗಿದ್ದಾರೆ. ಫೋನಿನಲ್ಲಿ ಒಂದು ಗ್ರೂಪು ಮಾಡಿಕೊಂಡು, ತಂಡದ ಚರಿತ್ರೆಯನ್ನು ಯಾರಾದರೂ ಬರೆಯಬೇಕೆಂದು ಮಾತಾಡಿ, ಆ ಕೆಲಸವನ್ನು ನನ್ನ ಮಗಳ ತಲೆಗೆ ಕಟ್ಟಿದ್ದರು. ಅವಳು ಅದನ್ನು ಇಂಗ್ಲಿಷಿನಲ್ಲಿ ಬರೆದು, ನನಗೆ ತಿಳಿಯಲೆಂದು ತನ್ನ ತಡವರಿಸುವ ಕನ್ನಡದಲ್ಲಿ ಓದಿ ಹೇಳಿದಳು. ನಾನು ಮೆಂತ್ಯೆ ಸೊಪ್ಪು ಬಿಡಿಸುತ್ತ ಕೇಳುತ್ತಿದ್ದೆ. ಎರಡನೆಯ ಪುಟಕ್ಕೆ ಬಂದಾಗ ಅವಳು ಓದಿದಳು: "ಐಸ್ ನೋಡ್ಕೊಳ್ಳೋ ಕಾಕಾನ ಮಿಸ್ಟೇಕಿಂದ ನನ್ನ ಮೊಣಕಾಲು ಹೋತು. ಆಮ್ಯಾಲ ಟೀಮೂ ಹೋತು."

ನನ್ನ ಕೈ ನಿಂತಿತು. ಆ ತಪ್ಪು ಕಾಕಾನದಲ್ಲ, ನನ್ನದು. ಅದು ನನಗೆ ಗೊತ್ತಿತ್ತು, ಮಠದ ರಾಯರಿಗೆ ಗೊತ್ತಿತ್ತು, ಮೂರನೆಯವರಿಗೆ ಏಳು ವರ್ಷ ಗೊತ್ತಾಗಲು ನಾನು ಬಿಟ್ಟಿರಲಿಲ್ಲ. ಆ ಮನುಷ್ಯನ ಕೆಲಸ ಅದರಿಂದಲೇ ಹೋಗಿತ್ತು. ಈಗ ಅದು ಬರಹಕ್ಕೂ ಇಳಿಯುತ್ತಿತ್ತು, ಅದೂ ನನ್ನ ಮಗಳ ಕೈಯಿಂದ.

ನಡೆದದ್ದನ್ನು ಹೇಳುವ ಮೊದಲು ತಂಡದ ಕತೆ ಹೇಳಬೇಕು. ನೇರವಾಗಿ ಹೇಳಲು ಬಾಯಿ ಬರುವುದಿಲ್ಲ ಎಂದು ಬೇಕಾದರೆ ಅನ್ನಿ.

ನಾನು ಹುಡುಗಿಯಾಗಿದ್ದಾಗ ಐಸ್ ಎಂದರೆ ಎರಡೇ. ಒಂದು, ಸೈಕಲ್ಲಿಗೆ ಡಬ್ಬಿ ಕಟ್ಟಿಕೊಂಡು ಶಾಲೆಯ ಗೇಟಿಗೆ ಬರುತ್ತಿದ್ದವನ ಕೆಂಪು ಐಸ್ ಕ್ಯಾಂಡಿ. ಇನ್ನೊಂದು, ಬೇಸಿಗೆಯ ಮಳೆಯಲ್ಲಿ ತಗಡಿನ ಮೇಲೆ ಟಪಟಪ ಬೀಳುವ ಆಣೆಕಲ್ಲು. ಒಮ್ಮೆ ಗಜ್ಜುಗದಷ್ಟು ದೊಡ್ಡ ಆಣೆಕಲ್ಲು ಸಿಕ್ಕಿತ್ತು. ಅಪ್ಪ ಆಫೀಸಿನಿಂದ ಬಂದ ಮೇಲೆ ತೋರಿಸೋಣವೆಂದು ಪರಕಾರದ ತುದಿಯಲ್ಲಿ ಗಂಟು ಕಟ್ಟಿ ಕಾದೆ. ಅಪ್ಪ ಬಂದಾಗ ಗಂಟು ಬಿಚ್ಚಿದರೆ ಒದ್ದೆ ಬಟ್ಟೆ. "ಎಲ್ಲಿ?" ಎಂದರು ಅಪ್ಪ. "ಇಲ್ಲೇ ಇತ್ತು" ಎಂದೆ. ಐಸಿನ ಬಗ್ಗೆ ನನ್ನ ವಿದ್ಯಾಭ್ಯಾಸ ಅಲ್ಲಿಗೆ ಮುಗಿದಿತ್ತು.

ಹೀಗಿರುವಾಗ ಪರೇರಾ ಸರ್ ಬಂದರು. ನಮ್ಮ ಬಿಲ್ಡಿಂಗಿನ ಕಾಂಪೌಂಡಿನಲ್ಲಿ ಮಕ್ಕಳಿಗೆ ಗಾಲಿ ಸ್ಕೇಟಿಂಗ್ ಕಲಿಸುತ್ತಿದ್ದ ಮುದುಕರು, ಸದಾ ಒಂದೇ ನೀಲಿ ಟೋಪಿ. ಬೊರಿವಲಿ ಕಡೆ ಒಂದು ಹೊಸ ಮಾಲ್ ಆಗಿತ್ತು. ಅದರ ಮೂರನೆಯ ಮಹಡಿಯಲ್ಲಿ ಜನರನ್ನು ಸೆಳೆಯಲು ಐಸಿನ ಅಂಗಳ ಮಾಡಿದ್ದರು, ನಮ್ಮ ಸೊಸೈಟಿಯ ಪಾರ್ಕಿಂಗಿಗಿಂತ ಸ್ವಲ್ಪ ದೊಡ್ಡದು. ಮಾಲ್ ತೆರೆಯುವ ಮೊದಲು, ಭಾನುವಾರ ಬೆಳಿಗ್ಗೆ ಆರರಿಂದ ಎಂಟು, ಮಕ್ಕಳಿಗೆ ಬಿಡುತ್ತೇವೆ ಎಂದು ಅಲ್ಲಿನ ಮ್ಯಾನೇಜರ್ ಒಪ್ಪಿದ್ದ. ಪರೇರಾ ಸರ್ ಕಣ್ಣಲ್ಲಿ ನೀರು ತಂದುಕೊಂಡು ನಮಗೆ ಹೇಳಿದರು: "ಭಾಭೀಜಿ, ಆಜ್ ತಕ್ ಬಂಬಯಿ ಕೇ ಬಚ್ಚೇ ಸಿಮೆಂಟ್ ಪೇ ಗಿರೇ. ಅಬ್ ಬರ್ಫ್ ಪೇ ಗಿರೇಂಗೇ!"

ಸಿಮೆಂಟು ಬಿಟ್ಟು ಐಸಿನ ಮೇಲೆ ಬೀಳುವುದಕ್ಕೆ ಇಷ್ಟು ಸಂಭ್ರಮವೇ ಎಂದು ನಮ್ಮ ಮನೆಯವರು ಗೊಣಗಿದರು. ಅನಘಾ ಆಗ ಐದನೆಯ ಇಯತ್ತೆ. ಅವಳು ಊಟ ಬಿಟ್ಟು ಕೂತ ಮೇಲೆ ಒಪ್ಪಿದರು.

ಹನ್ನೊಂದು ಮಕ್ಕಳು ಸೇರಿದರು. ಸಾಮಾನು ಎಲ್ಲಿಂದ ತರುವುದು? ಜೋಗೇಶ್ವರಿಯ ಗಾಳಾಗಳಲ್ಲಿ, ಅಂದರೆ ಸಣ್ಣ ಕಾರ್ಖಾನೆಗಳಲ್ಲಿ, ಕೇಳಿದರೆ ಮಾಡಿಕೊಡದ ವಸ್ತುವಿಲ್ಲ. ಒಬ್ಬ ಬಡಿಗ ಹಾಕಿ ಕೋಲು ಮಾಡಿಕೊಟ್ಟ. ಗೋಲು ಕಾಯುವ ಹುಡುಗನಿಗೆ ಕ್ರಿಕೆಟ್ಟಿನ ಪ್ಯಾಡು. ಎದೆಗೆ, ಬೆನ್ನಿಗೆ ನಾವು ತಾಯಂದಿರೇ ಹಳೆಯ ಗಾದಿಯ ಫೋಮು ಕತ್ತರಿಸಿ ಹೊಲಿದೆವು. ಅದನ್ನೆಲ್ಲ ಕಟ್ಟಿಕೊಂಡು ನಿಂತರೆ ಮಕ್ಕಳು ಆಟಗಾರರಿಗಿಂತ ಹೆಚ್ಚಾಗಿ ಸಾಗಿಸಲು ಪ್ಯಾಕ್ ಮಾಡಿದ ಗಾಜಿನ ಸಾಮಾನಿನಂತೆ ಕಾಣುತ್ತಿದ್ದರು.

ಮೊದಲ ಭಾನುವಾರ ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಿ ಮೀನಿನ ಬುಟ್ಟಿಯವಳೊಬ್ಬಳು ಅನಘಾಳ ಕೋಲು ಮುಟ್ಟಿ ನೋಡಿ, ಕಸಬರಿಗೆಯೇನೋ ಎಂದು ಕೇಳಿದಳು, "ಹೇ ಕಾಯ್, ಝಾಡೂ?"

"ಬರ್ಫ್ ಮೇಲೆ ಹಾಕಿ ಆಡುವುದು" ಎಂದು ನಾನು ನನ್ನ ಮುರುಕು ಮರಾಠಿಯಲ್ಲಿ ಹೇಳಿದೆ.

"ಬರ್ಫ್? ಕುಠಲಾ ಬರ್ಫ್?"

"ಬೊರಿವಲೀಚಾ."

ಬೊರಿವಲಿಯ ಐಸು ಎಂದದ್ದಕ್ಕೆ ಇಡೀ ಡಬ್ಬಿ ನಕ್ಕಿತು. ಅವಳು ಬುಟ್ಟಿಯ ಮೇಲಿನ ಗೋಣಿ ಸರಿಸಿ, "ಬರ್ಫ್ ಹಿಕಡೇ ಆಹೇ ಬಾಯಿ, ಇಥೇಚ್ ಖೇಳ್" ಎಂದು, ಇಲ್ಲೇ ಆಡು ಎಂಬಂತೆ, ಮೀನಿನ ಕೆಳಗಿನ ಐಸ್ ತೋರಿಸಿದಳು. ಅನಘಾ ಅವಮಾನದಿಂದ ಬಾಗಿಲ ಕಡೆ ತಿರುಗಿ ನಿಂತಳು. ಆದರೂ ಅಷ್ಟು ಹೊತ್ತಿಗೆ ಬೊರಿವಲಿ ಕಡೆ ಹೋಗುವ ಗಾಡಿ ಖಾಲಿ, ಕೂರಲು ಜಾಗ ಸಿಗುತ್ತಿತ್ತು. ನಾನು ಅಂಥವನ್ನು ಲೆಕ್ಕಕ್ಕೆ ಹಿಡಿಯುತ್ತೇನೆ. ಹಿಡಿಯದಿದ್ದರೆ ಈ ಊರಿನಲ್ಲಿ ಬದುಕುವುದು ಹೇಗೆ?

ಮೇ ತಿಂಗಳ ಮುಂಬಯಿಯಲ್ಲಿ ಮಂಕಿಟೋಪಿ ಹಾಕಿಕೊಂಡು ಕೂತ ಹೆಂಗಸರನ್ನು ನೀವು ನೋಡಿದ್ದೀರಾ? ನಾವು ಕೂತಿದ್ದೆವು. ಹೊರಗೆ ಆಟೋದಿಂದ ಇಳಿಯುವಾಗ ಬೆನ್ನಿನ ಮೇಲೆ ಬೆವರು, ಒಳಗೆ ಹತ್ತು ನಿಮಿಷಕ್ಕೆ ಹಲ್ಲು ಕಟಕಟ. ಧಾರವಾಡದಿಂದ ತಂದ ಕೌದಿಯನ್ನು ನಾಲ್ಕು ಜನ ಹೊದ್ದು, ಥರ್ಮಾಸಿನ ಚಹಾ ಹಂಚಿಕೊಂಡು, ನಮ್ಮ ಮಕ್ಕಳು ಬೀಳುವುದನ್ನು ನೋಡುತ್ತಿದ್ದೆವು. ತಂಡ ಆಡಿದ ಪಂದ್ಯಗಳು ಕಡಿಮೆ, ಗೆದ್ದದ್ದು ಒಂದೇ. ಅದೂ ದಿಲ್ಲಿ ಕಡೆಯ ತಂಡದ ಅರ್ಧ ಮಕ್ಕಳಿಗೆ ಹಾದಿಯಲ್ಲಿ ವಾಂತಿಭೇದಿಯಾದದ್ದರಿಂದ. ಪರೇರಾ ಸರ್ ಅಂದು ಕೇಕ್ ತಂದರು. ಇದ್ದ ಸತ್ಯ ಎಲ್ಲರಿಗೂ ಗೊತ್ತಿತ್ತು, ಆದರೂ ಕೇಕ್ ರುಚಿಯಾಗಿತ್ತು.

ಆದರೆ ಅನಘಾ ಚೆನ್ನಾಗಿ ಆಡುತ್ತಿದ್ದಳು. ಇದು ತಾಯಿಯ ಬಾಯಿಯ ಮಾತಲ್ಲ. ಮನೆಯಲ್ಲಿ ಬಾಗಿಲ ಚೌಕಟ್ಟಿಗೆ, ಟೀಪಾಯಿಗೆ, ನನ್ನ ಕಾಲಿಗೆ ಎಡವಿಕೊಂಡು ಓಡಾಡುವ ಹುಡುಗಿ ಐಸಿನ ಮೇಲೆ ಬೇರೆಯೇ ಯಾರೋ ಆಗುತ್ತಿದ್ದಳು. ಅವಳು ತಿರುಗುವಾಗ ಬ್ಲೇಡಿನ ಸದ್ದು ಹೊಸ ಸೀರೆ ಹರಿದಂತೆ ಕೇಳುತ್ತಿತ್ತು. ಆ ಸದ್ದು ಕೇಳಿದಾಗಲೆಲ್ಲ ನನಗೆ ಹೆದರಿಕೆ.

ಇನ್ನು ಸಿದ್ರಾಯನ ಮಾತು.

ಆ ಐಸನ್ನು ನೋಡಿಕೊಳ್ಳುವವನು ಸಿದ್ರಾಯ. ಇಂಡಿ ತಾಲೂಕಿನವನು, ಮುಂಬಯಿಗೆ ಬಂದು ಮೊದಲು ಮೀನಿನ ಬಂದರಿನ ಐಸ್ ಕಾರ್ಖಾನೆಯಲ್ಲಿ ದುಡಿದು, ಆಮೇಲೆ ಈ ಮಾಲಿಗೆ ಸೇರಿದ್ದ. ಒಂದು ದಿನ ನಾನು ಕೌದಿಯೊಳಗಿಂದ, "ಅನೂ, ಬಗ್ಗಿ ನಿಂದರ, ಬೀಳ್ತೀ!" ಎಂದು ಕೂಗಿದ್ದನ್ನು ಕೇಳಿ ಓಡಿ ಬಂದ.

"ಅಕ್ಕಾರ, ನೀವು ನಮ್ಮ ಕಡ್ಯಾರೇನ್ರಿ?"

"ಧಾರವಾಡಪಾ. ನಿಂದು?"

"ಇಂಡಿ ಹಂತೇಕ ರಿ. ಅಯ್ಯ ನಿಮ್ಮ, ಈ ಐಸಿನಾಗ ಕನ್ನಡ ಕೇಳಿ ಮೈ ಬೆಚ್ಚಗಾತು ನೋಡ್ರಿ."

ಅವನು ನಸುಕಿಗೇ ಬಂದು ಐಸಿನ ಮೇಲೆ ತೆಳ್ಳಗೆ ಬಿಸಿನೀರು ಬಿಟ್ಟು, ಒದ್ದೆ ಗೋಣಿತಟ್ಟು ಎಳೆದು ನುಣುಪು ಮಾಡುತ್ತಿದ್ದ. ಬಿಸಿನೀರು ಯಾಕೆಂದರೆ ಅದು ಗಟ್ಟಿ ಹಿಡಿಯುತ್ತದಂತೆ. ಆಮೇಲೆ ಮೊಣಕಾಲೂರಿ ಕೂತು ಅಂಗೈ ಒತ್ತಿ ಒತ್ತಿ ನೋಡುತ್ತಿದ್ದ. "ಕೂಸಿದ್ದಂಗ ರಿ ಇದು. ಮೈ ಬೆಚ್ಚಗಾಗೇದೇನು ಅಂತ ಘಳಿಗಿಗೊಮ್ಮೆ ಮುಟ್ಟಿ ನೋಡಬೇಕು" ಎನ್ನುತ್ತಿದ್ದ. ಹನ್ನೊಂದು ಮಕ್ಕಳ ಹೆಸರೂ ಅವನಿಗೆ ಗೊತ್ತಿತ್ತು. ಅನಘಾಳನ್ನು ಅನುಬಾಯಿ ಎಂದು ಕರೆಯುತ್ತಿದ್ದ. ಅವಳು ತಿರುಗಿದ ಜಾಗದಲ್ಲಿ ಬಿದ್ದ ಗೆರೆಯನ್ನು ನನಗೆ ತೋರಿಸಿ, "ಒಂದ ಗೆರಿ ನೋಡ್ರಿ, ಹರದಿಲ್ಲ ಮುರದಿಲ್ಲ. ಇಂಥಾ ಗೆರಿ ಬಿದ್ರ ನನ್ನ ಐಸಿಗೂ ಮರ್ಯಾದಿ" ಎಂದಿದ್ದ.

ಐಸ್ ಹೇಗಾಗುತ್ತದೆ ಎಂದೂ ಒಮ್ಮೆ ವಿವರಿಸಿದ. "ಕೆಳಗ ಪೈಪ್ ಅದಾವ್ರಿ. ಅದರಾಗ ಉಪ್ಪಿನ ನೀರು ಓಡತೈತಿ. ಉಪ್ಪಿನ ನೀರು ಎಷ್ಟ ತಣ್ಣಗಾದ್ರೂ ಗಡ್ಡಿ ಕಟ್ಟಂಗಿಲ್ಲ. ಅದು ಓಡಿದ್ರ ಮ್ಯಾಲಿನ ಸಿಹಿನೀರು ಗಡ್ಡಿ ಆಕ್ಕೈತಿ. ಆದ್ರ ಆ ಉಪ್ಪು ಎಲ್ಲ್ಯಾರ ಸೋರಿ ಮ್ಯಾಲ ಬಂತಂದ್ರ ಮುಗೀತ್ರಿ ಅಕ್ಕಾರ, ಐಸಿಗೆ ಗೆದ್ದಲ ಹತ್ತಿದಂಗ."

ಅವನು ಇಷ್ಟನ್ನೂ ಹೇಳಿದ್ದ. ನಾನು ಅರ್ಧ ಕೇಳಿದೆ. ಐಸಿನ ಕೆಳಗೆ ಉಪ್ಪು ಇರುತ್ತದೆ ಎಂಬುದು ನನ್ನ ತಲೆಯಲ್ಲಿ ಉಳಿಯಿತು. ಮುಂದಿನದು ಚಹಾ ಹಂಚುವ ಗದ್ದಲದಲ್ಲಿ ಎಲ್ಲಿ ಹೋಯಿತೋ.

ಅನಘಾ ಒಂಬತ್ತನೆಯ ಇಯತ್ತೆಯಲ್ಲಿದ್ದಾಗ ಉತ್ತರದಿಂದ ಒಬ್ಬರು ಮಕ್ಕಳನ್ನು ಆರಿಸಲು ಬಂದರು. ಆಯ್ಕೆಯಾದವರು ಚಳಿಗಾಲದಲ್ಲಿ ಲಡಾಖಿಗೆ ಹೋಗಿ, ಪೈಪಿಲ್ಲದೆ ಆಕಾಶವೇ ಕಟ್ಟಿದ ಐಸಿನ ಮೇಲೆ ಆಡಬಹುದಿತ್ತು. ಹಿಂದಿನ ದಿನದಿಂದ ಬಿಲ್ಡಿಂಗಿನಲ್ಲಿ ಎಲ್ಲರ ಬಾಯಲ್ಲೂ ಅನಘಾ. "ಇಕಿದು ಪಕ್ಕಾ" ಎಂದರು. "ಕ್ಯಾ ಖೇಲ್ತೀ ಹೈ" ಎಂದರು. ಶಿಂದೆಬಾಯಿ ಅವಳ ಕೆನ್ನೆ ಹಿಂಡಿದರು. ಅಷ್ಟೂ ಕಣ್ಣು ನನ್ನ ಮಗಳ ಮೈಮೇಲೆ.

ನಮ್ಮ ಅಜ್ಜಿ ಎಲ್ಲದಕ್ಕೂ ನೆದರು ತೆಗೆಯುತ್ತಿದ್ದಳು. ಕೂಸಿಗೆ, ಕರುವಿಗೆ, ಹೊಸ ಹೊಲಿಗೆ ಮೆಷಿನ್ನಿಗೂ. ಹರಳುಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಮೂರು ಸಲ ಸುತ್ತು ನಿವಾಳಿಸಿ, ಮೆಣಸಿನಕಾಯಿ ಒಲೆಗೆ, ಉಪ್ಪು ನೀರಿಗೆ. ನೀರಿನಲ್ಲಿ ಉಪ್ಪು ಕರಗಿದ ಹಾಗೆ ಕೆಟ್ಟ ಕಣ್ಣು ಕರಗಬೇಕು. ಅನಘಾಳ ಪ್ರತಿ ಪರೀಕ್ಷೆಗೂ ನಾನು ಹೀಗೆ ಮಾಡಿಯೇ ಕಳಿಸಿದ್ದೇನೆ. ಆ ಭಾನುವಾರ ಮಾತ್ರ ಗಾಡಿ ತಪ್ಪುತ್ತದೆಂಬ ಗಡಿಬಿಡಿಯಲ್ಲಿ ಮನೆಯಲ್ಲಿ ಆಗಲಿಲ್ಲ. ಉಪ್ಪು, ಮೆಣಸಿನಕಾಯಿಯನ್ನು ಒಂದು ಸ್ಟೀಲಿನ ಡಬ್ಬಿಗೆ ಸುರಿದು ಪರ್ಸಿನಲ್ಲಿಟ್ಟುಕೊಂಡೆ.

ಮಾಲಿನಲ್ಲಿ ಬಟ್ಟೆ ಬದಲಿಸುವ ಕೋಣೆಯ ಹಿಂದೆ ಅವಳನ್ನು ನಿಲ್ಲಿಸಿ ನಿವಾಳಿಸಿದೆ. "ಅಮ್ಮಾ, ಬಸ್ ಮಾಡು, ಸಬ್ ದೇಖ್ ರಹೇ ಹೈ" ಎಂದು ಅವಳು ಸುತ್ತ ನೋಡುತ್ತಿದ್ದವರಿಗೆ ನಾಚಿ ಹಲ್ಲು ಕಚ್ಚಿದಳು. ಉಳಿದ ಹತ್ತು ಮಕ್ಕಳೂ ಅಲ್ಲೇ ಬೂಟಿನ ದಾರ ಕಟ್ಟುತ್ತ ಕೂತಿದ್ದವು. ನನ್ನ ಮಗಳಿಗೊಬ್ಬಳಿಗೇ ಮಾಡಿ ಸುಮ್ಮನಾಗುವುದು ಸ್ವಾರ್ಥವೆನ್ನಿಸಿತು. ಡಬ್ಬಿಯಲ್ಲಿದ್ದ ಉಪ್ಪೆಲ್ಲ ಕೈಗೆ ಸುರಿದುಕೊಂಡು ಅಷ್ಟೂ ಮಕ್ಕಳಿಗೆ ನಿವಾಳಿಸಿದೆ. ಒಳ್ಳೆಯತನ ಬಂದರೆ ನನಗೆ ಹೀಗೆ ಕೈ ತುಂಬ ಬರುತ್ತದೆ.

ಈಗ ಉಪ್ಪನ್ನು ನೀರಿಗೆ ಹಾಕಬೇಕು. ಮಾಲಿನ ಬಚ್ಚಲಿಗೆ ಹತ್ತು ಗಂಟೆಯವರೆಗೆ ಬೀಗ. ಬೇರೆ ನಲ್ಲಿ ಇಲ್ಲ. ಕೈಯಲ್ಲಿ ನೆದರು ಹಿಡಿದುಕೊಂಡು ಎಷ್ಟು ಹೊತ್ತು ನಿಲ್ಲುವುದು? ಎದುರಿಗೆ ಅಷ್ಟಗಲ ಐಸು. ಇದೂ ನೀರೇ ಅಲ್ಲವೇ, ಎಂದುಕೊಂಡೆ. ಕೆಳಗೂ ಉಪ್ಪೇ ಇದೆಯಲ್ಲ, ಎಂದುಕೊಂಡೆ. ಗೋಲಿನ ಹಿಂದಿನ ಮೂಲೆಯಲ್ಲಿ ಕಟ್ಟೆಯ ಮೇಲಿಂದ ಬಾಗಿ ಅಷ್ಟನ್ನೂ ಇಳಿಬಿಟ್ಟೆ. ಬಿಳಿಯ ಮೇಲೆ ಬಿಳಿ, ಕಾಣಲಿಲ್ಲ. ಮೆಣಸಿನಕಾಯಿಗಳನ್ನು ಮಾತ್ರ ಪರ್ಸಿಗೆ ವಾಪಸು ಹಾಕಿಕೊಂಡೆ, ಕೆಂಪಗೆ ಕಂಡೀತೆಂದು. ಅಂದರೆ ಕಾಣಬಾರದ ಕೆಲಸ ಎಂಬಷ್ಟು ಬುದ್ಧಿ ನನಗೆ ಇತ್ತು. ಇದನ್ನು ನಾನು ನನಗೇ ಮಾಫಿ ಮಾಡಲಾರೆ.

ಆಟ ಶುರುವಾಗಿ ಇಪ್ಪತ್ತು ನಿಮಿಷ. ಅನಘಾ ಪಕ್ ತೆಗೆದುಕೊಂಡು ಗೋಲಿನ ಹಿಂದಿನಿಂದ ತಿರುಗಿದಳು. ಆ ಸದ್ದು ಅರ್ಧಕ್ಕೆ ನಿಂತಿತು. ಬ್ಲೇಡು ಹೂತು ನಿಂತು ಬಿಟ್ಟಿತು, ಮೈ ಮುಂದೆ ಹೋಯಿತು, ಎಡ ಮೊಣಕಾಲು ಹೋಗಬಾರದ ಕಡೆ ಹೋಯಿತು.

ಪರೇರಾ ಸರ್ ಅವಳನ್ನು ಎತ್ತಿಕೊಂಡರು. ನಮ್ಮ ಮನೆಯವರು ಮ್ಯಾನೇಜರನನ್ನು ಕರೆದುಕೊಂಡು ಬಂದರು. ಮೂಲೆಯಲ್ಲಿ ಐಸು ತೂತು ತೂತಾಗಿ, ಅಂಬಲಿಯಂತೆ ನೀರು ನೀರಾಗಿತ್ತು. ಸಿದ್ರಾಯ ಅಲ್ಲಿ ಮೊಣಕಾಲೂರಿ ಕೂತ. ಅಂಗೈ ಇಟ್ಟ. ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡ. ಅವನ ಮುಖ ಬೂದಿಯಾಯಿತು.

"ಕ್ಯಾ ಹುಆ?" ಎಂದ ಮ್ಯಾನೇಜರ್.

"ನಮಕ್ ಹೈ, ಸಾಬ್" ಎಂದ ಸಿದ್ರಾಯ. "ಪೈಪ್ ಲೀಕ್ ಹೈ."

ಉಪ್ಪು, ಪೈಪು ಸೋರಿದೆ ಎಂದು ಅವನ ಬಾಯಿಂದಲೇ ಬಂತು. ಜಾಯಿಂಟುಗಳನ್ನು ಪ್ರತಿದಿನ ನೋಡುವುದು ಅವನದೇ ಕೆಲಸ. ನಮ್ಮ ಮನೆಯವರು ಅಲ್ಲಿಯೇ ಕಾಗದ ಕೇಳಿ ತಕರಾರು ಬರೆದುಕೊಟ್ಟರು. ಹುಡುಗಿಯ ತಾಯಿಯದೂ ಸಹಿ ಇರಲಿ ಎಂದ ಮ್ಯಾನೇಜರ್. ನಾನು ಸಹಿ ಮಾಡಿದೆ. ಉಪ್ಪು ಹಿಡಿದಿದ್ದ ಅದೇ ಕೈ. ಆ ಹೊತ್ತಿಗೆ ಅನಘಾ ಚೀರುತ್ತಿದ್ದಳು, ನನಗೆ ಬೇರೇನೂ ತೋಚಲಿಲ್ಲ ಎಂದು ಹೇಳಬಹುದು. ಅದು ನಿಜವೂ ಹೌದು. ಆದರೆ ಸಿದ್ರಾಯ "ನಮಕ್" ಎಂದ ಕ್ಷಣದಲ್ಲೇ ನನಗೆ ಎಲ್ಲ ತಿಳಿದಿತ್ತು, ಅದೂ ಅಷ್ಟೇ ನಿಜ.

ಮ್ಯಾನೇಜರ್ ಪೈಪನ್ನು ಬಿಚ್ಚಿಸಿ ನೋಡುವ ಗೋಜಿಗೂ ಹೋಗಲಿಲ್ಲ. ಮರುದಿನವೇ ಸಿದ್ರಾಯನನ್ನು ತೆಗೆದು, ಆ ಮೂಲೆಗೆ ಹೊಸ ನೀರು ಕಟ್ಟಿಸಿದ. ಮೊದಲ ದಿನ ನಾನು ಸುಮ್ಮನಿದ್ದದ್ದಕ್ಕೆ ಮಗಳ ನೋವು ಕಾರಣವಾಗಿತ್ತು. ಎರಡನೆಯ ದಿನ ಸುಮ್ಮನಿದ್ದದ್ದಕ್ಕೆ ಮೊದಲ ದಿನವೇ ಕಾರಣ. ಹಾಗೆ ದಿನದ ಮೇಲೆ ದಿನ ಬಿದ್ದು ಏಳು ವರ್ಷ. ಮೊಣಕಾಲನ್ನು ಎರಡು ಸಲ ಕೊಯ್ದರು. ಅನಘಾ ನಡೆಯುತ್ತಾಳೆ, ಮೆಟ್ಟಿಲು ಹತ್ತುತ್ತಾಳೆ, ಲೋಕಲ್ ಹಿಡಿಯುತ್ತಾಳೆ, ಇದಕ್ಕಾಗಿ ನಾನು ದಿನಾ ಕೈಮುಗಿಯುತ್ತೇನೆ. ಐಸಿನ ಮೇಲೆ ಮತ್ತೆ ಕಾಲಿಡಲಿಲ್ಲ. ಮನೆಯಲ್ಲಿ ಇವರು ಮೆಟ್ಟಿಲ ಮೇಲೆ ಅವಳು ನಿಧಾನವಾದಾಗಲೆಲ್ಲ, "ಆ ಬೇಜವಾಬ್ದಾರಿ ಮನಿಷ್ಯಾನಿಂದ" ಎಂದು ಹಲ್ಲು ಕಡಿಯುತ್ತಿದ್ದರು. ನಾನು ಅಡುಗೆಮನೆಗೆ ಹೋಗುತ್ತಿದ್ದೆ.

ರಾಯರ ಮುಂದೆ ಒಂದು ನೇಮ ಹಿಡಿದೆ, ಗುರುವಾರ ಉಪ್ಪಿಲ್ಲದ ಊಟ. ಮಠದಲ್ಲಿ ಹೆಂಗಸರು "ಎಂಥಾ ನಿಷ್ಠಿರೀ ನಿಮ್ದು" ಎಂದು ಹೊಗಳಿದರು. ತಪ್ಪಿಗೆ ಶಿಕ್ಷೆ ಎಂದು ಹಿಡಿದದ್ದು ನನಗೆ ಒಳ್ಳೆಯ ಹೆಸರು ತಂದುಕೊಟ್ಟಿತು. ಆ ಹೆಸರನ್ನೂ ನಾನು ಬೇಡವೆನ್ನಲಿಲ್ಲ. ಇನ್ನೊಂದನ್ನೂ ಹೇಳಿಬಿಡುತ್ತೇನೆ. ನಡುವೆ ಒಮ್ಮೆ ಜೋಗೇಶ್ವರಿ ಸ್ಟೇಷನ್ನಿನ ಸೇತುವೆಯ ಮೇಲೆ ಸಿದ್ರಾಯ ಎದುರಿಗೆ ಬರುವುದು ಕಂಡಿತು. ವಾಚ್‌ಮನ್ನಿನ ಅಂಗಿ ಹಾಕಿದ್ದ. ನಾನು ತಿರುಗಿ ಬೇರೆ ಮೆಟ್ಟಿಲಿಂದ ಇಳಿದೆ.

ಸಿದ್ರಾಯ ಹೋದ ಮೇಲೆ ಐಸು ಮೊದಲಿನಂತಾಗಲಿಲ್ಲ. ಹೊಸಬ ತಣ್ಣೀರು ಸುರಿಯುತ್ತಿದ್ದನಂತೆ. ಮಕ್ಕಳು ಒಬ್ಬೊಬ್ಬರೇ ಬಿಟ್ಟರು. ಪರೇರಾ ಸರ್ ಕೊನೆಯವರೆಗೆ ನಾಲ್ಕು ಮಕ್ಕಳನ್ನು ಇಟ್ಟುಕೊಂಡು ಹೋಗುತ್ತಿದ್ದರು. ಆಮೇಲೆ ಲಾಕ್‌ಡೌನ್ ಬಂತು, ಮಾಲ್ ಮುಚ್ಚಿತು. ತೆರೆದಾಗ ಅಲ್ಲಿ ಐಸಿಲ್ಲ, ಸೋಫಾ ಅಂಗಡಿ. ಮುಂಬಯಿಯ ಆ ಹನ್ನೊಂದು ಮಕ್ಕಳ ತಂಡದ ಚರಿತ್ರೆ ಇಷ್ಟೇ. ಎರಡು ಪುಟದಲ್ಲಿ ಮುಗಿದದ್ದು ಆಶ್ಚರ್ಯವಲ್ಲ.

ಹಾಗಾಗಿ ಮೆಂತ್ಯೆ ಸೊಪ್ಪಿನ ಮುಂದೆ ಕೂತು, ಅನಘಾ ಓದಿದ ಆ ವಾಕ್ಯ ಕೇಳಿ, ನಾನು ಹೇಳಿಬಿಟ್ಟೆ. ಎಲ್ಲವನ್ನೂ. ಅವಳು ಫೋನು ಕೆಳಗಿಟ್ಟಳು.

"ನಮಕ್?" ಎಂದಳು. "ಅಮ್ಮಾ, ಆ ನಮಕ್?"

"ಹೂಂ."

ಅವಳು ತನ್ನ ಮೊಣಕಾಲನ್ನು ನೋಡಿಕೊಂಡಳು. ಬೈಯಲಿ ಎಂದು ಕಾಯುತ್ತಿದ್ದೆ. ಬೈಯಲಿಲ್ಲ.

"ಕಾಕಾಗ ಗೊತ್ತದ?"

"ಇಲ್ಲ."

"ಹಾಂಗಾದ್ರ ನನಗ ಯಾಕ ಹೇಳ್ಲಿಕ್ಹತ್ತ್ಯಮ್ಮಾ?" ಎಂದಳು. "ಅವರಿಗೆ ಹೇಳು, ಹೋಗು. ಹೇಳಿ ಬರೋತನಕಾ ನಾ ಏನೂ ಬರ್ಯಂಗಿಲ್ಲ." ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ನಮ್ಮ ಮನೆಯವರಿಗೆ ನಾನೇ ಹೇಳಿದೆ. ಇವರು ಪೇಪರ್ ಮಡಚಿ ಇಟ್ಟು, "ಆ ತಕರಾರು ನನ್ನ ಕಡೆಯಿಂದ ಬರಸಿದ್ಯಲ್ಲ" ಎಂದರು, ಅಷ್ಟೇ.

ಸಿದ್ರಾಯನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಹುಡುಕಬೇಕೆಂದಿದ್ದರೆ ಎಂದೂ ಕಷ್ಟವಿರಲಿಲ್ಲ. ಸ್ಟೇಷನ್ನಿನ ಪೂರ್ವಕ್ಕೆ, ಗುಡ್ಡದ ಇಳಿಜಾರಿನ ಚಾಳಿನಲ್ಲಿ ಒಂದು ಖೋಲಿ. ಭಾನುವಾರ ಬೆಳಿಗ್ಗೆ ಹೋದೆ. ಬಾಗಿಲಲ್ಲಿ ಕೂತು ಗಡ್ಡ ಹೆರೆದುಕೊಳ್ಳುತ್ತಿದ್ದವನು ನೋಡಿದ ಕೂಡಲೇ ಅರ್ಧ ಸಾಬೂನಿನ ಮುಖದಲ್ಲೇ ಎದ್ದು ನಿಂತ. ಕೂದಲು ಪೂರಾ ಬೆಳ್ಳಗಾಗಿತ್ತು.

"ಅಕ್ಕಾರ! ಬರ್ರಿ, ಬರ್ರಿ. ಏ ನೀಲವ್ವಾ, ಚಾ ಇಡು, ನಮ್ಮ ಕಡಿ ಅಕ್ಕಾರು ಬಂದಾರ." ಮುಖ ಒರೆಸಿಕೊಳ್ಳುತ್ತ ಕೇಳಿದ ಮೊದಲ ಮಾತು, "ಅನುಬಾಯಿ ಮೊಣಕಾಲು ಹೆಂಗೈತ್ರಿ?"

"ಛಲೋ ಅದ" ಎಂದೆ. "ನಡೀತಾಳ."

"ದೇವರ ದೊಡ್ಡಾಂವ. ನಾ ದಿನಾ ನೆನಸ್ತೀನ್ರಿ. ನನ್ನ ಕೈಲೆ ಆತಲ್ರಿ ಅದು."

ಅವನ ಹೆಂಡತಿ ನೀಲವ್ವ ನನ್ನ ಮುಖ ನೋಡದೆ ಚಹಾ ತಂದಿಟ್ಟು, ಕೊಡ ತೆಗೆದುಕೊಂಡು ಹೊರಗಿನ ನಲ್ಲಿಗೆ ಹೋದಳು. ನಾನು ಯಾರೆಂದು ಅವಳಿಗೆ ಗೊತ್ತಿತ್ತೆಂದು ಕಾಣುತ್ತದೆ.

ಈಗ ಪವಾಯಿಯ ಒಂದು ಕಾಂಪ್ಲೆಕ್ಸಿನ ಗೇಟಿನಲ್ಲಿ ಇದ್ದಾನಂತೆ. ಮೆಷಿನ್ ಕೆಲಸ ಬಿಟ್ಟು ಬಹಳ ವರ್ಷವಾಯಿತಂತೆ. "ಬ್ಯಾರೆ ಕಡಿ ಕರದಿದ್ರು ರಿ, ಎಸಿ ಕೆಲಸಕ್ಕ. ಹೋದೆ. ಒಂದ ಜಾಯಿಂಟ್ ನಾಕ್ ನಾಕ್ ಸಲ ಬಿಗೀತಿದ್ದೆ. ಮತ್ತ ಮನಿಗೆ ಬಂದು, ಬಿಗದೆನೋ ಇಲ್ಲೋ ಅಂತ ಮತ್ತ ಓಡತಿದ್ದೆ. ಹುಡುಗರು ನಕ್ಕರು. ಬಿಟ್ಟೆ. ಗೇಟಿನಾಗ ಬರೇ ಬಾಗಲಾ ತೆಗಿಯೂದು, ಹಾಕೂದು. ಅದು ಕಣ್ಣಿಗೆ ಕಾಣತೈತಿ." ಚಹಾ ನನ್ನ ಕಡೆ ಸರಿಸಿ ಮತ್ತೆ ಹೇಳಿದ, "ಯಾವ ಜಾಯಿಂಟ್ ಅಂತ ಇನ್ನಾ ಹೊಳಿದಿಲ್ರಿ ಅಕ್ಕಾರ. ಆ ಮೂಲ್ಯಾಗ ಎರಡ ಇದ್ವು. ಮುಂಜಾನಿ ಎರಡೂ ಮುಟ್ಟಿ ನೋಡಿದ್ದೆ. ಒಣಾ ಇದ್ವು."

ನಾನು ಅವನ ಕೆಲಸ ಕಳೆದೆ ಎಂದು ಮಾತ್ರ ತಿಳಿದು ಅಲ್ಲಿಗೆ ಹೋಗಿದ್ದೆ.

"ಸಿದ್ರಾಯ್ರ" ಎಂದೆ. ಎಂದೂ ಹಾಗೆ ಕರೆದವಳಲ್ಲ. "ಜಾಯಿಂಟ್ ಸೋರಿರಲಿಲ್ಲ. ಉಪ್ಪು ನಾ ಹಾಕಿದ್ದು. ಹುಡುಗರ ನೆದರ ತಗದು ಅಲ್ಲೆ ಮೂಲ್ಯಾಗ ಹಾಕಿದೆ. ನೀರು ಅಂತ ತಿಳದು ಹಾಕಿದೆ. ನೀವು ನಾಲಿಗಿಗೆ ಹಚ್ಚಿಕೊಂಡಾಗ ನನಗ ತಿಳೀತು. ನಾ ಹೇಳಲಿಲ್ಲ."

ಅವನು ನನ್ನನ್ನು ನೋಡಲಿಲ್ಲ. ತನ್ನ ಅಂಗೈಗಳನ್ನು ನೋಡಿಕೊಂಡ.

"ಹರಳುಪ್ಪೋ, ಪುಡಿಯೋ?"

"ಹರಳು."

"ಆಟಕ್ಕಿಂತ ಎಷ್ಟ ಮೊದಲ?"

"ಹತ್ತು ನಿಮಿಷ ಇರಬೇಕು."

"ಹತ್ತು, ಮತ್ತ ಆಟ ಇಪ್ಪತ್ತು" ಎಂದು ಲೆಕ್ಕ ಹಾಕಿದ. ತುಟಿ ಅಲುಗುತ್ತಿತ್ತು. "ಕಹಿ ಇರಲಿಲ್ಲ ನೋಡ್ರಿ. ಪೈಪಿನ ಉಪ್ಪು ನಾಲಗಿ ಮ್ಯಾಲ ಕಹಿ ಹಿಡೀತೈತಿ. ಆವತ್ತ ಬರೇ ಉಪ್ಪ ಹತ್ತಿತ್ತು. ಕಹಿ ಯಾಕ ಇಲ್ಲ ಅಂತ ಒಂದ ಚಣ ಅನಸಿತ್ತು. ಕೂಸು ಒದರಾಕ ಹತ್ತಿತ್ತು, ಬಿಟ್ಟೆ." ಗೋಡೆಯ ಕಡೆ ತಿರುಗಿದ. "ಹಂಗಾರ ನನ್ನ ಐಸ್ ಛಲೋ ಇತ್ತು."

ಕ್ಷಮಿಸು ಎಂದು ಕೇಳಲು ಬಂದವಳು ಆ ಶಬ್ದವನ್ನು ಬಾಯೊಳಗೇ ಇಟ್ಟುಕೊಂಡೆ. ಅದಕ್ಕೆ ಅಲ್ಲಿ ಜಾಗವಿರಲಿಲ್ಲ.

"ನೀಲವ್ವಾ!" ಎಂದು ಅವನು ಕೂಗಿದ. ಇಡೀ ಚಾಳಿಗೆ ಕೇಳುವಂತೆ ಕೂಗಿದ. "ಕೊಡಾ ಅಲ್ಲೇ ಇಡು. ಬಾ ಇಲ್ಲಿ." ಅವಳು ಒದ್ದೆ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು. "ಅಕ್ಕಾರ, ಇನ್ನೊಮ್ಮೆ ಹೇಳ್ರಿ. ಇಕಿ ಕೇಳ್ಲಿ."

ನಾನು ಇನ್ನೊಮ್ಮೆ ಹೇಳಿದೆ, ಮೊದಲಿನಿಂದ. ನೀಲವ್ವ ಕಣ್ಣು ಮಿಟುಕಿಸದೆ ಕೇಳಿದಳು.

"ಏಳ ವರ್ಷ ಯಾಕ ಹೇಳಲಿಲ್ರಿ?" ಎಂದಳು.

"ಅದನ್ನ ಬಿಡು" ಎಂದ ಸಿದ್ರಾಯ. "ನನ್ನ ಐಸ್ ಕೆಡಸಿದ ಉಪ್ಪು ಎಷ್ಟಿತ್ತು, ಅದನ್ನ ಕೇಳು."

ಅವಳು ನನ್ನ ಕಡೆ ನೋಡಿದಳು. ನಾನು ಎರಡೂ ಕೈ ಕೂಡಿಸಿ ಬೊಗಸೆ ಮಾಡಿ ಅವಳ ಮುಂದೆ ಹಿಡಿದೆ.

"ಇಷ್ಟು" ಎಂದೆ.